ಬಣ್ಣದ ಇಂಜೆಕ್ಷನ್, ಪಿತ್ತದ ಗಂಧೆ

ಮಕ್ಕಳೇ, ನನ್ನ ಬಲಪಕ್ಕೆಯ ನೋವು ನಿಮಗೆ ಗೊತ್ತೇ ಇದೆ. ನಿಮ್ಮ ತಾತ ತೀರಿಕೊಂಡ ಮರುವರ್ಷ ಶುರುವಾದದ್ದು, ಆರು ವರ್ಷವಾಯಿತು. ಹೋದ ವರ್ಷ ಹೊಸಪೇಟೆಯ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಂದರು. ಒಳಗಿನದು ಎದ್ದು ಕಾಣಲಿ ಎಂದು ನರಕ್ಕೆ ಒಂದು ಔಷಧಿ ಬಿಡುತ್ತಾರೆ. ಇಲ್ಲಿ ಎಲ್ಲರೂ ಅದನ್ನು ಬಣ್ಣದ ಇಂಜೆಕ್ಷನ್ ಎನ್ನುತ್ತಾರೆ. ಹಾಕಿದರೆ ಮೈಗೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ.

ಯಂತ್ರದೊಳಗೆ ಮಲಗಿದ್ದೆ. ಇದ್ದಕ್ಕಿದ್ದಂತೆ ಗಂಟಲಿನಿಂದ ಬಿಸಿ ಇಳಿಯಿತು, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಬಿಸಿ ಸೊಂಟ ದಾಟಿದಾಗ, ಬರೆಯಲೂ ನಾಚಿಕೆ, ಬಟ್ಟೆಯಲ್ಲೇ ಮಾಡಿಕೊಂಡೆ ಅನಿಸಿತು. ಗಾಜಿನ ಆಚೆ ಇಬ್ಬರು ಗಂಡಸರು. ಜೀವ ಹಿಡಿಯಷ್ಟಾಯಿತು. ಅಂಗೈಯೂ ತುರಿಸತೊಡಗಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಕೇಳಿದರು:

“ಏನಾರ ಆಗಾಕತ್ತೈತೇನ್ರಿ, ಅಮ್ಮಾ?”

“ಏನೂ ಇಲ್ರಿ” ಎಂದೆ.

ಎದ್ದು ಮುಟ್ಟಿ ನೋಡಿಕೊಂಡರೆ ಬಟ್ಟೆ ಒಣಗಿಯೇ ಇತ್ತು. ಆ ಔಷಧಿಗೆ ಬಹಳ ಜನರಿಗೆ ಹಾಗೆ ಅನಿಸುತ್ತದಂತೆ. ಅದೊಂದು ಮಾತು ಮೊದಲೇ ಹೇಳಿದ್ದರೆ ಅಂಗೈ ತುರಿಕೆಯನ್ನಾದರೂ ಬಾಯಿಬಿಟ್ಟು ಹೇಳುತ್ತಿದ್ದೆ.

ಆಟೋದಲ್ಲಿ ನಮ್ಮ ಚಿತ್ತವಾಡ್ಗಿ ಮುಟ್ಟುವಷ್ಟರಲ್ಲಿ ಮೈಮೇಲೆಲ್ಲ ಗಂಧೆ ಎದ್ದಿದ್ದವು, ತುಟಿ ಬಾತಿತ್ತು. ಎದುರುಮನೆಯ ಅಕ್ಕ ನೋಡಿದವಳೇ, “ಪಿತ್ತದ ಗಂಧಿ ಬಿಡು. ಬದನಿಕಾಯಿ ತಿಂದಿರ್ತೀ” ಎಂದು, ಗಂಧೆ ಇಳಿಯಲಿ ಅಂತ ತನ್ನ ಕರಿಕಂಬಳಿ ತಂದು ಹೊದಿಸಿದಳು. ಆ ಬಿಸಿಲಿನಲ್ಲಿ! ಗಂಧೆಯ ತುರಿಕೆ ಯಾವುದು, ಕಂಬಳಿಯ ತುರಿಕೆ ಯಾವುದು ಎಂದೇ ತಿಳಿಯಲಿಲ್ಲ.

ಎರಡು ದಿನಕ್ಕೆ ಇಳಿಯಿತು. ರಿಪೋರ್ಟ್ ತೋರಿಸಲು ಹೋದಾಗ ಡಾಕ್ಟರಿಗೆ ಎಲ್ಲ ಹೇಳಿದೆ.

“ನೋವಿನ ಗುಳಿಗಿ ಭಾಳ ನುಂಗ್ತೀರಲ್ಲ, ಅದಕ್ಕಾಗಿರತೈತಿ. ಒಳಗ ಏನೂ ಇಲ್ಲ. ಮನಸಿಗೆ ಹಚ್ಕೋಬ್ಯಾಡ್ರಿ” ಎಂದರು.

ವರ್ಷಗಟ್ಟಲೆ ನೋವು ನೋವು ಎನ್ನುವವಳು ಹೊಸದೇನು ಹೇಳಿದರೂ ಅದನ್ನು ಹಳೇ ನೋವಿನ ತಲೆಗೇ ಕಟ್ಟುತ್ತಾರೆ.

ಈ ವರ್ಷ ನೋವು ಬೆನ್ನಿಗೂ ಹಬ್ಬಿತು. ಮತ್ತೆ ಸ್ಕ್ಯಾನ್. ನಿಮ್ಮ ಅವ್ವ ಫಾರಂ ತುಂಬುತ್ತಾ, “ಅತ್ತೀ, ಅಲರ್ಜಿ ಐತೇನು ಅಂತ ಕೇಳ್ಯಾರ” ಎಂದಳು.

“ಇಲ್ಲ ಅಂತ ಬರಿ.”

ಮೆಟ್ರಿ ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ನನಗೆ ಪಿತ್ತ ಗೊತ್ತಿತ್ತು. ಅಲರ್ಜಿ ಎಂದರೆ ಪೇಟೆಯವರು ಧೂಳಿಗೆ ಸೀನುವುದು ಎಂದುಕೊಂಡಿದ್ದೆ.

ಸೂಜಿ ಚುಚ್ಚಲು ಬಂದ ನರ್ಸ್ ನನ್ನ ಹಳೇ ರಿಪೋರ್ಟ್ ನೋಡಿ, ಕೈ ಹಿಡಿದು ಕೇಳಿದಳು: “ಹೋದ ಸಲ ಇದನ್ನ ಹಾಕಿದಾಗ ಮೈಮ್ಯಾಲ ಗಂಧಿ ಎದ್ದಿದ್ವೇನ್ರಿ?”

“ಎದ್ದಿದ್ವು. ತುಟೀನೂ ಬಾತಿತ್ತು.”

“ಅಯ್ಯೋ! ಮತ್ತ ಅಲರ್ಜಿ ಇಲ್ಲ ಅಂತ ಬರ್ಸೀರಲ್ರೀ?”

“ಅದು ಪಿತ್ತ ಅಲ್ಲೇನವ್ವ?”

ಅವಳು ಸೂಜಿ ಕೆಳಗಿಟ್ಟಳು. “ಅದಽ ಅಲರ್ಜಿ, ಅಮ್ಮಾ. ಈ ಸಲ ಉಸಿರು ಕಟ್ಟಿದ್ರ ಏನ್ ಗತಿ?”

ಬಣ್ಣವಿಲ್ಲದೆ ಸ್ಕ್ಯಾನ್ ಮಾಡಿ ಕಳಿಸಿದರು. ಡಾಕ್ಟರು ಫಿಲಂ ನೋಡಿ ಹುಬ್ಬು ಗಂಟಿಕ್ಕಿದರು.

“ಇದರಾಗ ಸರಿಯಾಗಿ ಕಾಣವಲ್ದು. ಗಂಧಿ ಎದ್ದಿದ್ದು ಮೊದಲಽ ಹೇಳಬೇಕಿಲ್ಲೇನ್ರಿ?”

ನಾನು ಪರಗಂಡಸರ ಮುಂದೆ ದನಿ ಎತ್ತಿದವಳಲ್ಲ. ಅವತ್ತು ಬಾಯಿ ನಿಲ್ಲಲಿಲ್ಲ.

“ಹೇಳಿದ್ನಿರಿ. ಇದಽ ಕುರ್ಚಿ ಮ್ಯಾಲ ಕುಂತು ನಿಮಗಽ ಹೇಳಿದ್ನಿ. ನೀವು ಬರ್ಕೊಳ್ಳಲಿಲ್ಲ. ಈಗ ಬರೀರಿ. ಕನ್ನಡದಾಗ ಬರೀರಿ, ನನಗ ಓದಾಕ ಬರಬೇಕು.”

ನಿಮ್ಮ ಅವ್ವ ನನ್ನ ಸೆರಗು ಜಗ್ಗಿದಳು. ಡಾಕ್ಟರು ಒಂದು ಹಾಳೆ ಎಳೆದುಕೊಂಡು ಬರೆದರು: ಬಣ್ಣದ ಇಂಜೆಕ್ಷನ್‌ಗೆ ಅಲರ್ಜಿ, ತುಟಿ ಊತ, ಗಂದೆ. ಕೊನೆಯ ಅಕ್ಷರದ ಹೊಟ್ಟೆ ಸೀಳಿರಲಿಲ್ಲ. ಅವರ ಪೆನ್ನನ್ನೇ ಇಸಿದುಕೊಂಡು ಸೀಳಿದೆ.

ಆ ಹಾಳೆ ಈಗ ನನ್ನ ಫೈಲಿನ ಮೇಲುಗಡೆಯೇ ಇದೆ. ನೋವು ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ಇನ್ನೂ ಯಾರಿಗೂ ಗೊತ್ತಿಲ್ಲ.