ಚಷ್ಮಾ ಬಿಟ್ಟ ಸೋನಿಬಾಯಿ

ಐವತ್ತನೆಯ ವರ್ಷಕ್ಕೆ ಸೋನಿಬಾಯಿಯ ಕಣ್ಣು ಮರಳಿ ಬಂದಿತೆಂದು ಗೋವಾದ ಪರ್ವರಿಯ ಬಾಡಿಗೆ ಖೋಲಿಗಳ ಸಾಲಿನಲ್ಲೆಲ್ಲ ಸುದ್ದಿಯಾಯಿತು. ನಾಲ್ಕು ವರ್ಷ ಚಷ್ಮಾ ಇಲ್ಲದೆ ಸೂಜಿ ಮುಟ್ಟದಿದ್ದವಳು ಒಂದು ಮುಂಜಾನೆ ಬರಿಗಣ್ಣಿನಲ್ಲಿಯೇ ದಾರ ಪೋಣಿಸಿದಳು, ಅದೂ ಒಂದೇ ಸಲಕ್ಕೆ. ಬಿಜಾಪುರದ ಕಡೆಯ ಲಂಬಾಣಿ ತಾಂಡಾದಿಂದ ಬಂದು, ಇಪ್ಪತ್ತು ವರ್ಷಗಳಿಂದ ಕಲಂಗೂಟದ ಕಡಲದಂಡೆಯಲ್ಲಿ ತಾನೇ ಕನ್ನಡಿ ಬಿಲ್ಲೆ ಕೂರಿಸಿ ಹೊಲಿದ ಚೀಲಗಳನ್ನು ಮಾರುತ್ತಿದ್ದವಳಿಗೆ ಇದಕ್ಕಿಂತ ದೊಡ್ಡ ವರ ಯಾವುದು? ಚಷ್ಮಾವನ್ನು ಅರಿವೆಯಲ್ಲಿ ಸುತ್ತಿ ದೇವಿ ಮರಿಯವ್ವನ ಪಟದ ಹಿಂದೆ ಇಟ್ಟಳು.

"ನನಗ ಚಷ್ಮಾ ಬಂತು, ನಿನಗ ಹೋತು. ದೇವರು ಅದಲಬದಲ ಮಾಡ್ಯಾನ" ಎಂದು ಗಂಡ ಹೇಮಲಪ್ಪ ನಕ್ಕ.

"ನಿನಗ ಕಣ್ಣು ಇದ್ದದ್ದರ ಯಾವಾಗ? ಇದ್ದಿದ್ರ ನನ್ನ ಮಾಡಿಕೊಳ್ತಿದ್ದೇನು?"

ಆಗ ಅವಳಿಗೆ ಬಾಯಾರಿಕೆಯೂ ಬಹಳ. ಮರಳಿನ ಕಾವು ಎಂದುಕೊಂಡಳು. ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಕಾಲು ಉರಿದಾಗ ನುಂಗಿ, ಉರಿ ನಿಂತಾಗ ಬಿಡುತ್ತಿದ್ದಳು. ಆ ಡಿಸೆಂಬರಿನಲ್ಲಿ ಹತ್ತಿರದ ಶಾಲೆಯಲ್ಲಿ ತಪಾಸಣೆಯ ಶಿಬಿರ ನಡೆಯಿತು. ಗದಗಿನ ಕಡೆಯ ನರ್ಸು ಬುಶ್ರಾ ಬೆರಳು ಚುಚ್ಚಿ ನೋಡಿ ಹುಬ್ಬೇರಿಸಿದಳು.

"ಅವ್ವಾ, ಸಕ್ಕರಿ ಮುನ್ನೂರು ದಾಟೇತ್ರಿ. ಹನಿ ಹಾಕಿ ಕಣ್ಣಿನ ಪರದೆ ನೋಡಬೇಕು, ಕುಂದರ್ರಿ."

"ನನ್ನ ಕಣ್ಣಿಗೇನಾಗೇತಿ? ತಾ ಇಲ್ಲೆ ಸೂಜಿ, ಪೋಣಿಸಿ ತೋರಸ್ತೇನಿ."

"ಅದೇ ಮೋಸ, ಅವ್ವಾ. ಸಕ್ಕರಿ ಏರಿದ್ರ ಕಣ್ಣಿನ ಮಸೂರ ಉಬ್ಬಿ ಹತ್ತಿರದ್ದು ಚಲೋ ಕಾಣತೈತಿ. ಅದು ನಿಲ್ಲಂಗಿಲ್ಲ. ಒಳಗ ಪರದೆ ಮ್ಯಾಲಿನ ಸಣ್ಣ ರಕ್ತನಾಳ ಗುಳ್ಳಿ ಎದ್ದು ಸೋರತಾವ. ಮೊದಮೊದಲು ನೋವಿಲ್ಲ, ಮಂಜಿಲ್ಲ. ನಿಮಗ ಗೊತ್ತಾಗೋದರೊಳಗ ತಡಾ ಆಗಿರತೈತಿ."

"ಹನಿ ಹಾಕಿದ್ರ ಎಷ್ಟೊತ್ತು ಮಂಜು?"

"ನಾಲ್ಕೈದು ತಾಸು."

ನಾತಾಳದ, ಅಂದರೆ ಕ್ರಿಸ್ಮಸ್ ಹಬ್ಬದ ವಾರ. ದಂಡೆಯ ತುಂಬ ಜನ. ಸೋನಿಬಾಯಿ, "ನೀರು ಕುಡಿದು ಬರ್ತೇನಿ" ಎಂದು ಎದ್ದವಳು ನೆಟ್ಟಗೆ ಕಲಂಗೂಟದ ಬಸ್ಸು ಹತ್ತಿದಳು.

ಎರಡು ವರ್ಷ ಕಳೆದವು. ಮಾಪ್ಸಾದ ಅಂಗಡಿಯವನು ಡೊಂಕು ನೇಯ್ಗೆಯ ಬಟ್ಟೆ ಕೊಡುತ್ತಾನೆಂದು ಅವಳು ಜಗಳ ತೆಗೆದಳು. ಅಂಗಡಿ ಬದಲಿಸಿದಳು. ಅಲ್ಲಿಯೂ ಡೊಂಕೇ. ಹೊಲಿದು ಮುಗಿಸಿದ ಗಂಟನ್ನು ಮಗಳು ರಂಜನಾ "ಕನ್ನಡಿ ಒರಸ್ತೇನಿ" ಎಂದು ಒಯ್ಯುವಳು; ಮರಳಿ ಬಂದ ಚೀಲಗಳು ಮೊದಲಿನಂತೆಯೇ ಮಾರಿಹೋಗುತ್ತಿದ್ದವು.

ಒಂದು ಮಧ್ಯಾಹ್ನ ಸೋನಿಬಾಯಿ ನಿದ್ದೆಯಿಂದ ಎದ್ದಾಗ ರಂಜನಾಳ ತೊಡೆಯ ಮೇಲೆ ತನ್ನದೇ ಚೀಲ ಕಂಡಿತು. ಕೈಯಲ್ಲಿ ಕತ್ತರಿ, ಪಕ್ಕದಲ್ಲಿ ಬಿಚ್ಚಿದ ಕೆಂಪು ದಾರದ ರಾಶಿ.

"ಏನ ಮಾಡಾಕತ್ತಿ?"

"ಏನಿಲ್ಲ, ಯಾಡಿ" ಎಂದಳು. ತಾಂಡಾದಲ್ಲಿ ತಾಯಿಯನ್ನು ಕರೆಯುವುದು ಹಾಗೆಯೇ.

"ಅರಿವಿನೇ ಡೊಂಕು ಐತಿ. ನಾನೇನ ಮಾಡ್ಲಿ?"

ರಂಜನಾ ಕತ್ತರಿ ಕೆಳಗಿಟ್ಟಳು. "ಅರಿವಿ ನೆಟ್ಟಗ ಐತಿ, ಯಾಡಿ."

"ಯಾವಾಗಿಂದ ಬಿಚ್ಚಿ ಹೊಲಿಯಾಕತ್ತಿ?"

"ಹೋದ ವರ್ಷದ ದೀಪಾವಳಿಯಿಂದ."

ರಂಜನಾ ಕರೆದೊಯ್ದ ಪಣಜಿಯ ಕಡೆಯ ದವಾಖಾನೆಯಲ್ಲಿ ಹನಿಯ ಶೀಶೆ ಹಿಡಿದು ನಿಂತಿದ್ದವಳೂ ಬುಶ್ರಾಳೇ. ಗುರುತು ಹಿಡಿದು ಕೇಳಿದಳು: "ನೀರು ಕುಡಿದು ಬಂದ್ರೇನು, ಅವ್ವಾ?"

ಸೋನಿಬಾಯಿ ಹನಿಗಾಗಿ ತಲೆ ಹಿಂದಕ್ಕೆ ವಾಲಿಸಿದಳು.

ಎರಡೂ ಕಣ್ಣಿನ ಪರದೆಗಳ ನಡುಭಾಗ ಸೋರಿಕೆಯಿಂದ ಊದಿದೆ, ಅದಕ್ಕೇ ನೆಟ್ಟನೆಯ ಎಳೆಯೂ ಡೊಂಕಾಗಿ ಕಾಣುತ್ತದೆ, ಸೂಜಿಮದ್ದಿನಿಂದ ಇನ್ನಷ್ಟು ಕೆಡದಂತೆ ನೋಡಬಹುದು, ಹೋದದ್ದು ಪೂರ್ತಿ ಮರಳುವ ಭರವಸೆಯಿಲ್ಲ ಎಂದರು ಡಾಕ್ಟರು. ಎರಡು ವರ್ಷ ಮೊದಲೇ ಬಂದು, ಸಕ್ಕರೆಯನ್ನು ಹಿಡಿತದಲ್ಲಿಟ್ಟು ವರುಷಕ್ಕೊಮ್ಮೆ ನೋಡಿಸಿಕೊಂಡಿದ್ದರೂ ಸಾಕಾಗುತ್ತಿತ್ತೇನೋ ಎಂದೂ ಹೇಳಿದರು.

ಈಗ ಹೊಲಿಯುವವಳು ರಂಜನಾ, ಮಾರುವವಳು ಸೋನಿಬಾಯಿ. ದಂಡೆಯಲ್ಲಿ ಗಿರಾಕಿಗಳು ಚೀಲವನ್ನು ತಿರುವಿ ನೋಡಿ, ಇದನ್ನು ನೀನೇ ಹೊಲಿದೆಯಾ ಎಂದು ಹಿಂದಿಯಲ್ಲಿ ಕೇಳುತ್ತಾರೆ. ಹೌದು ಎನ್ನುತ್ತಾಳೆ. ಒಂದು ವರ್ಷ ಆ ಮಾತು ಅವಳಿಗೆ ಗೊತ್ತಿಲ್ಲದೆಯೇ ಸುಳ್ಳಾಗಿತ್ತು. ಈಗ ಗೊತ್ತಿದ್ದೇ ಹೇಳಬೇಕು.