ಮೇಷ್ಟ್ರು ಹೇಳಿ ಕಳಿಸಿದ ಮಾತು

ಬೇಸಿಗೆ ರಜೆಯ ಕೊನೆಯ ವಾರ ನನ್ನ ತಂಗಿ ನಮ್ಮ ಮನೆಗೆ ಬರುವುದು ರೂಢಿ. ನಾವಿರುವುದು ತಮಿಳುನಾಡಿನ ಗಡಿಯಲ್ಲಿ, ಬಾಗಲೂರಿನ ಕಡೆ; ಅವಳಿರುವುದು ರಾಯಕೋಟೆಯ ಹತ್ತಿರ. ಅಲ್ಲಿಂದ ಹೊಸೂರಿಗೆ ಒಂದು ಬಸ್ಸು, ಹೊಸೂರಿನಿಂದ ಬಾಗಲೂರಿಗೆ ಇನ್ನೊಂದು. ಒಂದು ಕೈಯಲ್ಲಿ ಮೂರು ವರ್ಷದ ಮಗ, ಇನ್ನೊಂದರಲ್ಲಿ ಮಾವಿನಹಣ್ಣಿನ ಚೀಲ. ಬಂದವಳು ಕಾಲು ತೊಳೆದು, ಒಂದು ಚೊಂಬು ನೀರು ಕುಡಿದು, ನನ್ನ ಮಗಳ ನೋಟ್‌ಬುಕ್ಕುಗಳನ್ನು ನೆಲದ ಮೇಲೆ ಹರಡಿಕೊಂಡು ಕೂರುತ್ತಾಳೆ. ಪಾಠದ ಪುಸ್ತಕಗಳನ್ನು ಶಾಲೆ ತೆರೆದ ದಿನ ಅಲ್ಲೇ ಕೊಡುತ್ತಾರೆ. ಆದರೂ ನಾವಾಗಿ ಕೊಂಡ ನಾಲ್ಕೈದು ನೋಟ್‌ಬುಕ್ಕುಗಳಿಗೆ ಖಾಕಿ ಕಾಗದ ಹಾಕಿ, ಚೀಟಿ ಅಂಟಿಸಿ, ಕನ್ನಡದಲ್ಲೂ ತಮಿಳಿನಲ್ಲೂ ಹೆಸರು ಬರೆದುಕೊಡುವುದು ಅವಳ ಕೆಲಸ. ಅವಳ ಅಕ್ಷರ ಮುದ್ದಾಗಿದೆ. ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ, ಅದೂ ಕನ್ನಡದಲ್ಲಿ. ತಮಿಳು ಮಾತಾಡುತ್ತೇನೆ, ಓದಲು ಬರುವುದಿಲ್ಲ.

ಈ ವರ್ಷ ಮಗಳು ಐದು ಮುಗಿಸಿ ಆರಕ್ಕೆ ದೊಡ್ಡ ಶಾಲೆಗೆ ಹೋಗಬೇಕಿತ್ತು. ಅವಳು ಚಿಕ್ಕಮ್ಮನ ಪಕ್ಕ ಕೂತು ಕಾಗದ ಮಡಚುತ್ತಿದ್ದಾಗಲೇ ನನ್ನ ಫೋನಿಗೆ ಸುದ್ದಿ ಬಂತು. ಬಿಸಿಲು ಜಾಸ್ತಿಯಂತೆ, ಶಾಲೆ ತೆರೆಯುವುದನ್ನು ಒಂದು ವಾರ ಮುಂದಕ್ಕೆ ಹಾಕಿದ್ದಾರಂತೆ. ಮಗಳು ಎದ್ದು ಕುಣಿದಳು. ಅವಳು ಕುಣಿದಳೆಂದು ತಂಗಿಯ ಮಗನೂ ಕುಣಿದ.

ತಂಗಿ ಕತ್ತರಿಯಿಂದ ತಲೆ ಎತ್ತದೆ ನಕ್ಕಳು. "ಹಿಂಗೇ ಮುಂದಕ್ಕೆ ಹಾಕವ್ರೆ ಅಂತ ನಾನೂ ಒಂದ್ಸಲ ಕುಣಿದಿದ್ದೆ ಕಣೆ. ಹತ್ತು ದಿನ ಆದ್ಮೇಲೆ ಹೋಗಿ ನೋಡಿದ್ರೆ ಸೈನ್ಸ್ ಸೀಟೆಲ್ಲ ತುಂಬೋಗಿತ್ತು. ದಡ್ಡಿ ನಾನು. ನೀನು ಹಂಗೆ ಮಾಡ್ಕಬ್ಯಾಡ. ಯಾರು ಏನೇ ಹೇಳ್ಲಿ, ನೀನೇ ಹೋಗಿ ಗೇಟ್ ನೋಡ್ಕಂಡು ಬಾ."

"ಅಮ್ಮ ಹೇಳಿದ್ರೂ ನಂಬಬಾರ್ದಾ?" ಎಂದಳು ಮಗಳು.

"ನಿಮ್ಮಮ್ಮ ಹೇಳಿದ್ರೆ ನಂಬು."

ನಾನು ಒಲೆಯ ಮುಂದೆ ನಿಂತಿದ್ದೆ. ಸಾರಿಗೆ ಹುಣಸೆ ಕಿವುಚುತ್ತಾ ಕೇಳಿಸಿಕೊಂಡೆ. ಹತ್ತು ವರ್ಷದಿಂದ ಅವಳು ತನ್ನನ್ನೇ ದಡ್ಡಿ ಎಂದುಕೊಂಡಿದ್ದಾಳೆ. ಅವಳನ್ನು ದಡ್ಡಿ ಮಾಡಿದವಳು ನಾನು.

ನಮ್ಮ ತವರು ಅಂಚೆಟ್ಟಿಯ ಆಚೆ, ನಾಟ್ರಾಂಪಾಳ್ಯದ ಕಡೆ, ಕಾಡಿನ ಅಂಚಿನ ಹಳ್ಳಿ. ಆಗ ಅಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕಿತ್ತು. ತಂಗಿ ಹಾಸ್ಟೆಲಿನಲ್ಲಿದ್ದುಕೊಂಡು ಕನ್ನಡ ಮೀಡಿಯಮ್ಮಿನಲ್ಲಿ ಓದುತ್ತಿದ್ದಳು. ಶಾಲೆಯ ಅರ್ಜಿಯಲ್ಲಿ ಮನೆಯವರ ನಂಬರ್ ಎಂದು ಬರೆಸಿದ್ದು ನನ್ನ ನಂಬರನ್ನೇ. ಮದುವೆಯಾಗಿ ಬಾಗಲೂರಿನ ಕಡೆ ಬಂದಿದ್ದ ನನಗೆ ಶಾಲೆಯಿಂದ ಫೋನು ಬಂದರೆ, ನಾನು ಅಂಚೆಟ್ಟಿಗೆ ಹೋಗುವ ಬಸ್ಸಿನ ಕಂಡಕ್ಟರಿಗೋ ಊರಿನ ಯಾರಿಗೋ ಹೇಳಿ ಕಳಿಸುತ್ತಿದ್ದೆ. ಹಾಗೆ ಐದು ವರ್ಷ ಒಂದು ಮಾತನ್ನೂ ತಪ್ಪಿಸಿರಲಿಲ್ಲ.

ಅವಳಿಗೆ ಹನ್ನೆರಡು ವರ್ಷವಿದ್ದಾಗ ಊರಿನಲ್ಲಿ ಒಂದು ಹಸು ಈಯಲಾಗದೆ ಒದ್ದಾಡುತ್ತಿತ್ತು. ಕರುವಿನ ಕಾಲು ಒಳಗೆ ಮಡಚಿಕೊಂಡಿತ್ತು. ದೊಡ್ಡವರ ಕೈ ಒಳಗೆ ಹೋಗಲಿಲ್ಲ. ಒಬ್ಬ ಮುದುಕರು ಇವಳ ಸಣ್ಣ ಕೈಗೆ ಎಣ್ಣೆ ಸವರಿ, ಹೀಗೆ ಹಿಡಿ, ಹೀಗೆ ತಿರುಗಿಸು ಎಂದು ಹೇಳಿಕೊಟ್ಟರು. ಕರು ಬದುಕಿತು. ಅಂದಿನಿಂದ ಅವಳದು ಒಂದೇ ಮಾತು, ದನದ ಡಾಕ್ಟರಾಗ್ತೀನಿ ಅಂತ. ಮೊದಲು ನಮ್ಮ ಎಮ್ಮೆಗೆ ಬುದ್ಧಿ ಬರೋ ಔಷಧಿ ಕೊಡು ಎಂದು ಅಪ್ಪ ರೇಗಿಸುತ್ತಿದ್ದರು. ಹತ್ತನೆಯ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ತೆಗೆದಳು. ಮುಂದೆ ಪ್ಲಸ್ ಒನ್ನಿನಲ್ಲಿ, ಅಂದರೆ ಹನ್ನೊಂದನೆಯ ಕ್ಲಾಸಿನಲ್ಲಿ, ಸೈನ್ಸ್ ಗ್ರೂಪು ಸಿಗಬೇಕು, ಅದಿಲ್ಲದೆ ದನದ ಡಾಕ್ಟರ ಓದಿಗೆ ದಾರಿಯೇ ಇಲ್ಲ ಎಂದು ಅವಳ ಮೇಷ್ಟ್ರು ಹೇಳಿದ್ದರು.

ಆ ರಜೆಯಲ್ಲಿ ಅವಳು ನಮ್ಮ ಮನೆಗೆ ಬಂದಳು. ನನ್ನ ಮಗಳಿಗೆ ಆಗ ಎಂಟು ತಿಂಗಳು. ಅತ್ತೆ ನಾದಿನಿಯ ಬಾಣಂತನಕ್ಕೆಂದು ಮಾಲೂರಿಗೆ ಹೋಗಿದ್ದರು. ನನ್ನ ಗಂಡನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಾನು ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಹೂವು ಕೊಯ್ಯಲು ಸೇರಿ ಆರು ವಾರವಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಬಿಚ್ಚುವ ಮೊದಲು ಕೊಯ್ಯಬೇಕು, ಆಮೇಲೆ ಕಡ್ಡಿಯ ಉದ್ದ ನೋಡಿ ಬೇರೆ ಮಾಡಿ ಕಟ್ಟಬೇಕು. ಮದುವೆಗಳ ಕಾಲ. ಒಂದು ವಾರ ಬರದಿದ್ದರೆ ನಮ್ಮ ಪಾಲಿನ ಗಿಡದ ಸಾಲಿಗೆ ಬೇರೆಯವಳನ್ನು ಹಾಕುತ್ತಿದ್ದರು. ತಂಗಿ ಮಗುವನ್ನು ನೋಡಿಕೊಂಡಳು. ಅಷ್ಟು ಚೆನ್ನಾಗಿ ನೋಡಿಕೊಂಡಳೆಂದರೆ ನಾನು ಮಗುವಿನ ಯೋಚನೆಯೇ ಇಲ್ಲದೆ ಕೆಲಸ ಮಾಡುತ್ತಿದ್ದೆ.

ಆ ವರ್ಷವೂ ಬಿಸಿಲೆಂದು ಒಂದು ವಾರ ಮುಂದಕ್ಕೆ ಹಾಕಿದ್ದರು. ಅದು ನಿಜ. ಆಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಮೇಷ್ಟ್ರ ಫೋನು ಬಂತು. ಅವರು ಹೇಳಿದ್ದಕ್ಕೆಲ್ಲ ನಾನು ಆಗಲಿ ಸಾರ್, ಆಗಲಿ ಸಾರ್ ಎಂದೆ. ಸೋಮವಾರ ಬೆಳಿಗ್ಗೆ ಅವಳು ಶಾಲೆಯಲ್ಲಿರಬೇಕಿತ್ತು.

ಸಂಜೆ ಮನೆಗೆ ಬಂದಾಗ ತಂಗಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ರಾಗಿ ಸರಿ ತಿನ್ನಿಸುತ್ತಿದ್ದಳು. ಶಾಲೆಯ ಸುದ್ದಿ ಏನಾದರೂ ಬಂತಾ ಎಂದು ಕೇಳಿದಳು. ಅತ್ತೆ ಬರಲು ಇನ್ನು ಹತ್ತು ದಿನವಿತ್ತು. ನನ್ನ ಬಾಯಿಂದ ಬಂದದ್ದೂ ಅಷ್ಟೇ ದಿನ.

"ಇನ್ನೂ ಹತ್ತು ದಿನ ಮುಂದಕ್ಕೆ ಹಾಕವ್ರಂತೆ ಕಣೆ. ಬಿಸ್ಲಂತೆ."

ಹೊರಗೆ ಮಳೆ ಸುರಿಯುತ್ತಿತ್ತು. ನನ್ನ ಸೀರೆಯ ಅಂಚು ಒದ್ದೆಯಾಗಿತ್ತು. ಅವಳು ಬಾಗಿಲಿನ ಕಡೆ ನೋಡಿ, "ಇಷ್ಟು ಮಳೆ ಬತ್ತಾ ಐತೆ, ಬಿಸ್ಲಂತಾ?" ಎಂದಳು.

"ಮದ್ರಾಸ್ ಕಡೆ ಬಿಸ್ಲು. ಆರ್ಡರು ಅಲ್ಲಿಂದ ತಾನೆ ಬರೋದು."

ಅವಳು ನಂಬಿದಳು. ನಂಬದಿರಲು ಕಾರಣವಿರಲಿಲ್ಲ. ನಮ್ಮ ಕಡೆ ಸ್ವೆಟರ್ ಹಾಕಿಕೊಳ್ಳುವ ಹಾಗಿದ್ದರೂ ಮದ್ರಾಸಿನ ಬಿಸಿಲಿಗೆ ನಮ್ಮ ಶಾಲೆಗಳು ಮುಚ್ಚಿರುತ್ತವೆ.

ಮಗುವಿಗಾಗಿ ಹೇಳಿದೆ, ಕೆಲಸಕ್ಕಾಗಿ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ನಾನು ಏಳಕ್ಕೆ ಶಾಲೆ ಬಿಟ್ಟಾಗ, ಇನ್ನೂ ಎರಡು ದಿನ ಹೋಗಲಿ ಎಂದು ಕೂಡ ಯಾರೂ ಹೇಳಿರಲಿಲ್ಲ. ಅಮ್ಮ ಹೊಲಕ್ಕೆ ಹೋದಾಗ ಈ ತಂಗಿಯನ್ನೇ ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದೆ. ಇವಳೊಬ್ಬಳಿಗೆ ಮೇಷ್ಟ್ರು ಅಷ್ಟು ದೂರದಿಂದ ಫೋನು ಮಾಡುತ್ತಾರಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗಿತ್ತು. ಹತ್ತು ದಿನ ತಡವಾದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡೆ. ಮಂಗಳವಾರ ಎರಡು ಸಲ, ಬುಧವಾರ ಒಂದು ಸಲ ಮೇಷ್ಟ್ರ ನಂಬರಿನಿಂದ ಫೋನು ಬಂತು. ನಾನು ಎತ್ತಲಿಲ್ಲ.

ಅತ್ತೆ ಬಂದ ಮೇಲೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಸೈನ್ಸ್ ತುಂಬಿದೆ, ಆರ್ಟ್ಸ್ ಗ್ರೂಪಿನಲ್ಲಿ ಜಾಗವಿದೆ ಎಂದರು. ಮುಂದಕ್ಕೆ ಹೋದದ್ದು ಬೇರೆ ಕ್ಲಾಸುಗಳಿಗೆ ಮಾತ್ರ, ತಾನೇ ಬಂದು ಕೇಳಬೇಕಿತ್ತು ಎಂದು ಅವಳು ತನ್ನನ್ನೇ ಬೈದುಕೊಂಡಳು. ಆ ದಿನ ಮೇಷ್ಟ್ರು ಯಾವುದೋ ಟ್ರೈನಿಂಗಿಗೆ ಹೋಗಿದ್ದರು, ಅಲ್ಲಿಂದಲೇ ಅವರಿಗೆ ಬೇರೆ ಶಾಲೆಗೆ ವರ್ಗವಾಯಿತು. ಸುಳ್ಳು ಹೊರಗೆ ಬರಲಿಲ್ಲ ಎಂದು ನನಗೆ ಸಮಾಧಾನವಾಯಿತು. ಪಕ್ಕದಲ್ಲಿ ಅವಳು ಮಾರ್ಕಿನ ಹಾಳೆಯನ್ನು ಎದೆಗೆ ಹಿಡಿದು ನಿಂತಿದ್ದಾಗ ನನಗೆ ಸಮಾಧಾನವಾಯಿತು. ಅದನ್ನೂ ಬರೆಯಲೇಬೇಕು.

ಅವಳು ಆರ್ಟ್ಸ್ ಓದಿ ಮುಗಿಸಿದಳು. ಮದುವೆಯಾಯಿತು. ಗಂಡ ಒಳ್ಳೆಯವನು. ಮನೆಯಲ್ಲಿ ಎರಡು ಹಸು. ಊರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುವ ಕೆಲಸ. ಯಾರ ಮನೆಯ ಹಸು ಈಯಲು ಕಷ್ಟಪಟ್ಟರೂ ಮೊದಲು ಅವಳನ್ನೇ ಕರೆಯುತ್ತಾರೆ. ಕೈಯಲ್ಲಿ ವಿದ್ಯೆ ಇದೆ, ಅದಕ್ಕೊಂದು ಕಾಗದವಿಲ್ಲ.

ಮಕ್ಕಳಿಬ್ಬರನ್ನೂ ಅಂಟು ತರಲು ಅಂಗಡಿಗೆ ಕಳಿಸಿದೆ. ಕೈ ತೊಳೆದು ಅವಳ ಎದುರು ಕೂತೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಅವತ್ತು ಶಾಲೆ ಮುಂದಕ್ಕೆ ಹಾಕಿರಲಿಲ್ಲ, ನಾನು ಸುಳ್ಳು ಹೇಳಿದೆ, ಮೇಷ್ಟ್ರು ಫೋನು ಮಾಡಿದ್ದರು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳು ಚೀಟಿಯ ಮೇಲೆ ನನ್ನ ಮಗಳ ಹೆಸರು ಬರೆಯುತ್ತಿದ್ದಳು. ಪೆನ್ನು ಎತ್ತಲಿಲ್ಲ. ಕನ್ನಡದ್ದು ಮುಗಿದಿತ್ತು, ತಮಿಳಿನದು ಅರ್ಧವಾಗಿತ್ತು. ಅದನ್ನು ಮುಗಿಸಿದಳು. ಆಮೇಲೆ ಕೇಳಿದ್ದು ಒಂದೇ.

"ಮೇಷ್ಟ್ರು ಏನಂದ್ರು? ಪೂರ್ತಿ ಹೇಳು."

ಮರೆಯಬೇಕೆಂದರೂ ಮರೆಯಲಾಗದ ಮಾತು ಅದು. ಹೇಳಿದೆ. "ಸೋಮವಾರ ಬೆಳಿಗ್ಗೇನೆ ಕಳಿಸಮ್ಮ. ಟೀಸಿ, ಮಾರ್ಕ್ ಲಿಸ್ಟು ಮರೀಬ್ಯಾಡ ಅನ್ನು. ನಾನು ಹೆಚ್ಚೆಮ್ ಹತ್ರ ಮಾತಾಡಿವ್ನಿ, ಬುಧವಾರದ ತಂಕ ಅವಳಿಗೆ ಅಂತ ಒಂದು ಸೀಟು ಇಟ್ಟಿರ್ತೀನಿ. ಈ ಮಗು ಕೈಯಾಗೆ ಏನೋ ಐತಮ್ಮ, ಅದು ಹಾಳಾಗಬಾರ್ದು."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ, ನನಗೆ ಹೇಳುವಂತೆಯೂ ಅಲ್ಲ, ತನಗೆ ತಾನೇ ಹೇಳಿಕೊಂಡಳು. "ಮೇಷ್ಟ್ರು ನನ್ನ ಮರೆತುಬುಟ್ರು ಅನ್ಕಂಡಿದ್ದೆ. ಅಂಚೆಟ್ಟಿ ಬಸ್‌ಸ್ಟ್ಯಾಂಡಾಗೆ ಎರಡು ಸಲ ಎದುರಿಗೆ ಸಿಕ್ಕಿದ್ರು. ಮುಖ ತಿರುಗಿಸ್ಕಂಡು ಹೋದೆ."

ನಾನು ಲೆಕ್ಕಕ್ಕೇ ತೆಗೆದುಕೊಂಡಿರದ ತಪ್ಪು ಅದು. ಸೀಟು ಹೋಗಿದ್ದು ನನಗೆ ಗೊತ್ತಿತ್ತು. ಅವಳ ಮೇಷ್ಟ್ರನ್ನೂ ಅವಳಿಂದ ಕಿತ್ತುಕೊಂಡಿದ್ದು ಗೊತ್ತಿರಲಿಲ್ಲ.

ಅವಳು ಬೈಯಲಿಲ್ಲ. ಮಕ್ಕಳು ಬಂದ ಮೇಲೆ ಮಗನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಉಣ್ಣದೆ, ಎರಡು ಗಂಟೆಯ ಬಸ್ಸಿಗೆ ಹೊರಟಳು. ಉಳಿದ ಎರಡು ನೋಟ್‌ಬುಕ್ಕುಗಳಿಗೆ ಕಾಗದ ಹಾಕಿರಲಿಲ್ಲ.

ಚಿಕ್ಕಮ್ಮ ಯಾಕೆ ಹೋದಳೆಂದು ಮಗಳು ಬಿಡದೆ ಕೇಳಿದಳು. ಮತ್ತೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ನಿನ್ನನ್ನು ನೋಡಿಕೊಳ್ಳಲೆಂದೇ ಹೇಳಿದ್ದು ಎಂಬ ಮಾತನ್ನು ಮಾತ್ರ ನುಂಗಿಕೊಂಡೆ, ಅವಳ ತಲೆಯ ಮೇಲೆ ಅದು ಬೇಡ. ಅವಳು ಗಂಭೀರವಾಗಿ ಯೋಚಿಸಿ, "ಹಂಗಾದ್ರೆ ಸ್ಕೂಲು ಒಂದು ವಾರ ಮುಂದಕ್ಕೆ ಹೋಗಿರೋದು ನಿಜಾನಾ?" ಎಂದಳು.

"ನಡಿ, ಗೇಟ್ ನೋಡ್ಕಂಡು ಬರಾಣ," ಎಂದೆ.

ಇಬ್ಬರೂ ದೊಡ್ಡ ಶಾಲೆಯವರೆಗೆ ನಡೆದು ಹೋದೆವು. ಗೇಟಿಗೆ ಕಾಗದ ಅಂಟಿಸಿದ್ದರು, ತಮಿಳಿನಲ್ಲಿ. ಮಗಳು ಬೆರಳಿಟ್ಟು ಒಂದೊಂದೇ ಪದ ಓದಿ ನನಗೆ ಹೇಳಿದಳು. ನಿಜವೇ ಇತ್ತು. ಬರುವಾಗ ನನ್ನ ಕೈ ಹಿಡಿದುಕೊಂಡೇ ಬಂದಳು.

ಆ ಒಂದು ವಾರ ತಂಗಿ ಫೋನು ಮಾಡಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಫೋನು ಎತ್ತದವರಿಗಾಗಿ ಕಾಯುವುದು ಹೇಗಿರುತ್ತದೆಂದು ಆಗ ತಿಳಿಯಿತು. ಮೇಷ್ಟ್ರೂ ಹೀಗೇ ಕಾದಿರಬೇಕು. ನೋಟ್‌ಬುಕ್ಕುಗಳೆರಡನ್ನು ಹಾಗೆಯೇ ಬಿಟ್ಟಿದ್ದೆವು. ಚಿಕ್ಕಮ್ಮನೇ ಹಾಕಬೇಕು ಎಂದು ಮಗಳು ಹಟ ಹಿಡಿದಿದ್ದಳು.

ಶಾಲೆ ತೆರೆಯುವ ದಿನ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದೆ. ಬಾಗಿಲಲ್ಲಿ ತಂಗಿ ನಿಂತಿದ್ದಳು, ಮಗನ ಜೊತೆ, ಮೊದಲಿಗಿಂತ ದೊಡ್ಡ ಚೀಲ ಹಿಡಿದು. ನಾನು ಎದ್ದೆ. ಅವಳು ಒಳಗೆ ಬಂದು ಖಾಕಿ ಕಾಗದ ಎಲ್ಲಿ ಎಂದು ನನ್ನ ಮಗಳನ್ನು ಕೇಳಿದಳು. ಎರಡನ್ನೂ ಮುಗಿಸಿ, ಮಗಳು ಚೀಲಕ್ಕೆ ಹಾಕಿಕೊಂಡ ಮೇಲೆ ನನ್ನ ಕಡೆ ತಿರುಗಿದಳು.

"ಸರಿಹೋಯ್ತು ಅನ್ಕಬ್ಯಾಡ ಅಕ್ಕ. ಸಿಟ್ಟು ಐತೆ. ಇನ್ನೂ ಸುಮಾರು ದಿನ ಇರ್ತೈತೆ."

ಇರಲಿ ಎಂದೆ.

ಮೇಷ್ಟ್ರ ಮನೆಗೆ ಹೋಗಿಬಂದಳಂತೆ. ಅವರು ಈಗ ರಿಟೈರಾಗಿ ಅಂಚೆಟ್ಟಿಯಲ್ಲೇ ಇದ್ದಾರೆ. ಇವಳನ್ನು ನೋಡಿದ ಕೂಡಲೇ ಗುರುತು ಹಿಡಿದು, ಈಗ ದನ ಎಷ್ಟಿವೆ ಎಂದು ಕೇಳಿದರಂತೆ. ಇವಳು ನಡೆದದ್ದು ಹೇಳಿದಾಗ ಅವರು ನನ್ನ ಬಗ್ಗೆ ಏನೂ ಅನ್ನಲಿಲ್ಲವಂತೆ. ಅಥವಾ ಅಂದಿದ್ದನ್ನು ಇವಳು ಹೇಳಲಿಲ್ಲ. ಅವರಿಂದಲೇ ಒಂದು ವಿಷಯ ತಿಳಿಯಿತು. ಹಳ್ಳಿಗಳಲ್ಲಿ ದನಕರುಗಳಿಗೆ ಮೊದಲ ಚಿಕಿತ್ಸೆ ಮಾಡಲು ಹೆಂಗಸರಿಗೆ ಕೃಷ್ಣಗಿರಿಯಲ್ಲಿ ತರಬೇತಿ ಕೊಡುತ್ತಾರೆ. ಡಾಕ್ಟರ ಓದಲ್ಲ ಅದು. ಆದರೆ ಮುಗಿಸಿದರೆ ಕೈಗೆ ಒಂದು ಕಾಗದ ಬರುತ್ತದೆ, ಸರ್ಕಾರದ ಡಾಕ್ಟರ ಜೊತೆ ಊರೂರಿಗೆ ಹೋಗಬಹುದು.

"ಅಲ್ಲೇ ಇರ್ಬೇಕು, ಹತ್ತು ದಿನ," ಎಂದಳು. ಆ ಮಾತು ಹೇಳುವಾಗ ನನ್ನ ಮುಖವನ್ನೇ ನೋಡಿದಳು. "ದನಾನ ಇವ್ರಪ್ಪ ನೋಡ್ಕತಾನೆ. ಮಗೂನ ನೋಡ್ಕಳಾಕೆ ಅವ್ನಿಗೆ ಬರಲ್ಲ, ಹುಲ್ಲು ಹಾಕಿ ಕಟ್ಟಾಕ್ಬುಡ್ತಾನೆ. ನೀನು ನೋಡ್ಕ."

ಕೇಳಿಕೊಂಡಂತಿರಲಿಲ್ಲ ಅದು. ಹೇಳಿದಂತಿತ್ತು. ನನಗೆ ಅದೇ ಬೇಕಾಗಿತ್ತು.

ಮಗಳನ್ನು ಮೂವರೂ ಸೇರಿ ಶಾಲೆಗೆ ಬಿಟ್ಟುಬಂದೆವು. ಪಾಲಿಹೌಸಿನ ಸೂಪರ್‌ವೈಸರ್ ಹತ್ತು ದಿನ ರಜೆ ಎಂದಾಗ ಮುಖ ಗಂಟಿಕ್ಕಿದರು, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಯಾರಿಗೂ ಹುಷಾರು ತಪ್ಪಿಲ್ಲ, ನನ್ನ ತಂಗಿ ಓದಲು ಹೋಗಿದ್ದಾಳೆ ಎಂದೆ. ಸಾಲು ಬೇರೆಯವಳಿಗೆ ಹೋದರೂ ಹೋಗಬಹುದು. ಹೋದರೆ ಇನ್ನೊಂದು ಸಾಲು ಹುಡುಕಿಕೊಳ್ಳುತ್ತೇನೆ.

ಇದನ್ನು ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ತಂಗಿ ಕೃಷ್ಣಗಿರಿಗೆ ಹೋಗಿ ಇವತ್ತಿಗೆ ನಾಲ್ಕನೆಯ ದಿನ. ತಂಗಿಯ ಮಗ ಅಂಗಳದಲ್ಲಿ ಪಕ್ಕದ ಮನೆಯ ಮೇಕೆಗೆ ಕಡ್ಡಿಯಿಂದ ಇಂಜೆಕ್ಷನ್ ಹಾಕುತ್ತಿದ್ದಾನೆ. ಫೋನನ್ನು ಸೌಂಡು ಪೂರ್ತಿ ಏರಿಸಿ ಕಿಟಕಿಯಲ್ಲಿಟ್ಟಿದ್ದೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಫೋನು ಮಾಡುತ್ತಾಳೆ. ನನ್ನ ಹತ್ತಿರ ಹೆಚ್ಚು ಮಾತಿಲ್ಲ, ಮಗನಿಗೆ ಹೇಳು ಎಂದು ಏನಾದರೂ ಹೇಳಿ ಇಟ್ಟುಬಿಡುತ್ತಾಳೆ. ಈಗಷ್ಟೇ ಮಾಡಿದ್ದಳು. ಒಂದು ಕರುವಿಗೆ ಹೊಟ್ಟೆ ಉಬ್ಬರಿಸಿತ್ತಂತೆ, ಇವಳೇ ಔಷಧಿ ಕುಡಿಸಿದಳಂತೆ, ಅದು ಎದ್ದು ನಿಂತು ಇವಳ ಸೀರೆಯ ಸೆರಗು ಜಗಿಯಿತಂತೆ.

ನಾನು ಪೆನ್ನು ಇಟ್ಟು ಹೊರಗೆ ಹೋಗಿ ಅವನನ್ನು ಕರೆದೆ. ಮೇಕೆಯನ್ನು ಬಿಟ್ಟು ಬಂದು ನನ್ನ ಮುಂದೆ ನಿಂತ. ಸೆರಗು ಜಗಿದದ್ದನ್ನೂ ಬಿಡದೆ, ಅವಳು ಹೇಳಿದ್ದನ್ನೆಲ್ಲ ಹೇಳಿದೆ.