ಬಂದೂಕಿನ ಆಟಕ್ಕೆ ಆಯುಧಪೂಜೆ

ಪರ್ತಿನ ಮೋರ್ಲಿಯ ಶಾಪಿಂಗ್ ಮಾಲ್‌ಗೆ ಮಗಳಿಗೆ ಶೂ ಕೊಡಿಸಲು ಹೋದವನು ವಿಡಿಯೋ ಗೇಮ್ ಮಷೀನೊಂದರ ಢಗ್ ಢಗ್ ಢಗ್ ಸದ್ದು ಕೇಳಿ ನಿಂತುಬಿಟ್ಟೆ. ನಿಮಗೂ ಗೊತ್ತಿರುವ ಆಟವೇ. ಇಬ್ಬರು ಸೈನಿಕರು, ಮೈಮೇಲೆ ಅಂಗಿಯಿಲ್ಲ, ಬಂದೂಕಿನಲ್ಲಿ ಮಾತ್ರ ಗುಂಡು ಮುಗಿಯುವುದೇ ಇಲ್ಲ. ಎದುರು ಸಿಕ್ಕಿದ್ದಕ್ಕೆಲ್ಲ ಹೊಡೆಯುತ್ತ ಬಲಕ್ಕೆ ಓಡುವುದು. ಯಾವ ದೇಶದ ಸೈನ್ಯ, ಯುದ್ಧ ಯಾಕೆ ಎಂದು ನಾವ್ಯಾರೂ ಕೇಳಿದವರಲ್ಲ. "ಡ್ಯಾಡ್, ಯು ಆರ್ ಸೋ ಬ್ಯಾಡ್ ಅಟ್ ದಿಸ್," ಎಂದಳು ಮಗಳು, ನಾನು ಆಡಲು ನಿಂತ ಅರ್ಧ ನಿಮಿಷದಲ್ಲೇ. ಒಂದು ಕಾಲದಲ್ಲಿ ಇದಕ್ಕಿಂತ ಕೆಟ್ಟದಾಗಿ ಆಡುತ್ತಿದ್ದೆನೆಂದು ಅವಳಿಗೆ ಹೇಳಲಿಲ್ಲ.

ಆಗ ನಾನು ಅಡಿಲೇಡಿನಲ್ಲಿ ವಿದ್ಯಾರ್ಥಿ. ಅಲ್ಲಿನ ಸ್ಯಾಲಿಸ್‌ಬರಿಯಲ್ಲಿ ಮೈಸೂರಿನ ಅಂಕಲ್ ಒಬ್ಬರ ಮನೆಯ ಹಿಂದಿನ ರೂಮಿನಲ್ಲಿ ನಾನೂ ತುಮಕೂರಿನ ನಜೀರನೂ ಬಾಡಿಗೆಗಿದ್ದೆವು. ಅಂಕಲ್ ಗ್ಯಾರೇಜಿನಲ್ಲಿ ಇದೇ ಆಟದ ಹಳೇ ಮಷೀನು. ಕಾರನ್ನು ಬಿಸಿಲಿಗೆ ಬಿಟ್ಟು ಅದನ್ನು ನೆರಳಲ್ಲಿಟ್ಟಿದ್ದರು ಪುಣ್ಯಾತ್ಮ. ಭಾನುವಾರ ಮಧ್ಯಾಹ್ನ ನಮಗೂ ಆಡಲು ಬಿಡುತ್ತಿದ್ದರು. ನಮ್ಮ ಜೀವಗಳು ಮುಗಿದರೆ ಜೊತೆಗಾರನಿಂದ ಒಂದು ಎರವಲು ಪಡೆಯಬಹುದೆಂದು ಅದರಲ್ಲೊಂದು ನಿಯಮ. ನಾನು ಮಾನ ಬಿಟ್ಟು ಪಡೆಯುತ್ತಿದ್ದೆ. "ತಗೊಳ್ಳೋ ಗುರು, ನಾನಿಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ಲಾ," ಎನ್ನುತ್ತಿದ್ದ ನಜೀರ್.

ಆ ವರ್ಷ ಆಯುಧಪೂಜೆಗೆ ನನ್ನ ತಲೆ ಓಡಿತು. ಇಷ್ಟೊಂದು ಬಂದೂಕು ಒಂದೇ ಕಡೆ ಇನ್ನೆಲ್ಲಿ ಸಿಗಬೇಕು? ಅಂಕಲ್ ಇಲ್ಲದ ಹೊತ್ತು ನೋಡಿ ಮಷೀನಿಗೆ ಹೂವಿಟ್ಟೆ, ಕರ್ಪೂರ ಹಚ್ಚಿದೆ. "ಕಾಯಿ ಹೊರಗೆ ಹೋಗಿ ಒಡಿಯೋ," ಎಂದ ನಜೀರ್. ನನಗೇ ಶಾಸ್ತ್ರ ಹೇಳಿಕೊಡುತ್ತಾನಲ್ಲ ಎಂದು ಅಲ್ಲೇ ಮಷೀನಿನ ಮೇಲೆ ಕಾಯಿಗೆ ಸುತ್ತಿಗೆಯಿಂದ ಒಂದೇಟು ಕೊಟ್ಟೆ. ನೀರೆಲ್ಲ ಬಟನ್ನುಗಳ ಸಂದಿಗೆ ಇಳಿಯಿತು. ಪರದೆ ಒಮ್ಮೆ ಮಿಟುಕಿ ಆರಿಹೋಯಿತು.

ಹೂವು, ಕಾಯಿ ಬಚ್ಚಿಡುವಷ್ಟರಲ್ಲಿ ಅಂಕಲ್ ಬಂದರು. ಆ ವಾರವಷ್ಟೇ ಅವರು ತಮ್ಮ ಆಫೀಸಿನಲ್ಲಿ ನನಗೊಂದು ಕೆಲಸಕ್ಕೆ ಮಾತಾಡುವೆನೆಂದಿದ್ದರು. ನನ್ನ ಬಾಯಿಗೆ ಬೀಗ ಬಿತ್ತು. ನಜೀರ್ ನನ್ನ ಮುಖ ನೋಡಿ, "ಕೋಕ್ ಚೆಲ್ಬಿಟ್ಟೆ ಅಂಕಲ್, ಸಾರಿ," ಎಂದ.

ಅಂಕಲ್ ಕೂಗಾಡಲಿಲ್ಲ. "ಬೇರೆ ರೂಮ್ ನೋಡ್ಕೊಳ್ಳಪ್ಪ," ಎಂದರು ನಜೀರನಿಗೆ. ಅವನು ಬ್ರಿಸ್ಬೇನಿಗೆ ಹೋದ. ನನಗೆ ಕೆಲಸ ಸಿಕ್ಕಿತು, ಆಮೇಲೆ ಪರ್ತ್ ಸಿಕ್ಕಿತು, ಅಲ್ಲಿನ ಥಾರ್ನ್ಲಿಯಲ್ಲಿ ಮನೆಯೂ ಆಯಿತು. ನಿಜ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಅಂದುಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಮುಂದು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಇವತ್ತು ಮಾಲಿನಲ್ಲಿ ಮಗಳನ್ನು ಆಡಲು ಬಿಟ್ಟು, ಪಕ್ಕದ ಬೆಂಚಿನಲ್ಲಿ ಕೂತು ಅಂಕಲ್‌ಗೆ ಫೋನ್ ಮಾಡಿ ಎಲ್ಲ ಒದರಿಬಿಟ್ಟೆ.

"ನನ್ ಹತ್ರ ಯಾಕಪ್ಪ ಹೇಳ್ತೀಯ? ಮನೆ ಬಿಟ್ಟು ಹೋದೋನು ನಾನಾ?"

ಹೌದಲ್ಲ. ನಜೀರನ ನಂಬರ್ ಒತ್ತಿದೆ.

"ಏನ್ ಗುರು, ಇವತ್ತು ಯಾವ ಹಬ್ಬ?" ಎಂದ. ಹಬ್ಬದ ಶುಭಾಶಯಕ್ಕೆ ಬಿಟ್ಟರೆ ನಾನು ಅವನಿಗೆ ಫೋನ್ ಮಾಡಿದವನೇ ಅಲ್ಲ.

"ಹಬ್ಬ ಅಲ್ಲ ಕಣೋ. ಆವತ್ತು ಅಂಕಲ್ ಮುಂದೆ ನಾನು ಬಾಯಿ ಬಿಡ್ಬೇಕಿತ್ತು."

ಏನಾದರೊಂದು ತಮಾಷೆ ಮಾಡಿ ನನ್ನನ್ನು ಪಾರುಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ.

"ಹೂಂ," ಎಂದ ನಜೀರ್. "ಬಿಡ್ಬೇಕಿತ್ತು."